4 ಘನ ಮೀಟರಿನ ದೀನಬಂಧು ಗೋಬರ್ ಗ್ಯಾಸ್, ಮೂರು ವರ್ಷ ಓಡಿಸಿದ ಮೇಲೆ: ಮಲೆನಾಡಿನೋರು ಸೈಜ್ ಹೇಳೋಕೆ ಮುಂಚೆ ಒಂದ್ಸಲ ಓದಿ

ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗೋ ರೋಡಲ್ಲಿ ಮೇಗರವಳ್ಳಿ ದಾಟಿ ಒಳಗೆ ಒಂಟಿಮನೆ. ಅಡಿಕೆ ತೋಟ ಇದೆ, ಸ್ವಲ್ಪ ಗದ್ದೆ ಇದೆ, ಕೊಟ್ಟಿಗೆಲಿ ಆರು ಮಲೆನಾಡು ಗಿಡ್ಡ, ಒಂದು ಜರ್ಸಿ ಕ್ರಾಸ್ ಹಸು. ಮನೇಲಿ ಐದು ಜನ. ದೀನಬಂಧು ಅಂದ್ರೆ ನೆಲದೊಳಗೆ ಇಟ್ಟಿಗೆ ಗುಮ್ಮಟ ಕಟ್ಟೋ ಗೋಬರ್ ಗ್ಯಾಸ್ ಮಾದರಿ, 4 ಘನ ಮೀಟರ್ ಅಂದ್ರೆ ದಿನಕ್ಕೆ ಅಷ್ಟು ಗ್ಯಾಸ್ ಕೊಡೋ ಸೈಜ್. ಈ ಗ್ಯಾಸ್ ಗುಂಡಿ ಕಟ್ಸಿ ಮೂರು ಮಳೆಗಾಲ ಕಳೀತು, ಸಂಬಂಧಿಕರು ಗುರುತಿನೋರು ಎಲ್ಲ ಫೋನ್ ಮಾಡಿ ಹ್ಯಾಗಿದೆ ಹಾಕಿಸ್ಬೋದಾ ಅಂತ ಕೇಳ್ತಾನೇ ಇರ್ತಾರೆ, ಎಲ್ರಿಗೂ ಬೇರೆ ಬೇರೆ ಹೇಳೋ ಬದ್ಲು ಒಂದ್ಕಡೆ ಬರೆದುಬಿಡಾಣ ಅಂತ ಕೂತೆ. ಬೆಳಿಗ್ಗೆ ಸಗಣಿ ಬಾಚೋಳು ನಾನು, ಕಲಸೋಳು ನಾನು, ಆ ಗ್ಯಾಸಲ್ಲಿ ಕಡುಬು ಬೇಯಿಸೋಳೂ ನಾನೇ, ಹಾಗಾಗಿ ಹೇಳೋ ಅಧಿಕಾರ ನನಗಿದೆ ಅಂದ್ಕೊಂಡಿದೀನಿ.

ಒಂದೇ ಮಾತಲ್ಲಿ ಹೇಳೋದಾದ್ರೆ ವಸ್ತು ತುಂಬಾ ಒಳ್ಳೇದು, ಸೈಜ್ ಪೂರ್ತಿ ತಪ್ಪು. ತಪ್ಪು ಆಗಿದ್ದು ಯಾಕೆ ಅಂದ್ರೆ ಸೈಜ್ ತೀರ್ಮಾನ ಮಾಡಿದ ದಿವಸ ಜಗಲಿ ಮೇಲೆ ಮೂರು ಜನ ಗಂಡಸ್ರು ಕೂತಿದ್ರು, ಕೊಟ್ಟಿಗೆ ಬಾಚೋರನ್ನ ಯಾರೂ ಒಂದು ಮಾತು ಕೇಳ್ಲಿಲ್ಲ.

ಯಾಕೆ ಕಟ್ಸಿದ್ವಿ ಅನ್ನೋದು ಮೊದ್ಲು. ನಮ್ಮತ್ತೆ ಮೂವತ್ತೈದು ವರ್ಷ ಸೌದೆ ಒಲೆ ಮುಂದೆ ಕೂತೋರು. ಮಧ್ಯ ಸ್ವಲ್ಪ ವರ್ಷ ಅಸ್ತ್ರ ಒಲೆ ಇತ್ತು, ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಶುರು ಮಾಡಿದ ಅಸ್ತ್ರ ತಂಡದವರು ರೂಪಿಸಿದ ಒಲೆ ಅದು, ಹೊಗೆ ಕೊಳವೆಲಿ ಆಚೆ ಹೋಗ್ತಿತ್ತು, ಸೌದೆನೂ ಉಳೀತಿತ್ತು, ಒಳ್ಳೆ ಒಲೆನೇ. ಆದ್ರೆ ಒಂದು ಮಳೆಗಾಲದಲ್ಲಿ ಮಾಡು ಸೋರಿ ಒಲೆ ಒಡೀತು, ಮತ್ತೆ ಕಟ್ಟೋಕೆ ಬರೋರು ಸಿಗ್ಲಿಲ್ಲ, ವಾಪಸ್ ಹಳೇ ಒಲೆ. ಆರಿದ್ರಾ ಪುನರ್ವಸು ಮಳೆ ಹಿಡೀತು ಅಂದ್ರೆ ಸೌದೆ ಒದ್ದೆ, ಊದಿ ಊದಿ ಕಣ್ಣು ಕೆಂಪು, ರಾತ್ರಿ ಇಡೀ ಅವರ ಕೆಮ್ಮು ಕೇಳ್ತಾ ನನಗೂ ನಿದ್ದೆ ಇಲ್ಲ. ಸಿಲಿಂಡರ್ ಇತ್ತು, ಆದ್ರೆ ನಮ್ಮನೆ ತನಕ ಗಾಡಿ ಬರಲ್ಲ, ರೋಡಿಗೆ ಹೋಗಿ ತರ್ಬೇಕು, ಮಳೆಗಾಲದಲ್ಲಿ ಹಳ್ಳ ಬಂತು ಅಂದ್ರೆ ಅದೂ ಇಲ್ಲ. ಕೊಟ್ಟಿಗೆ ಪಕ್ಕದಲ್ಲೇ ದಿನಾ ಸಗಣಿ ಬೀಳ್ತಿರೋವಾಗ ಇದೊಂದು ಮಾಡ್ಲೇಬೇಕು ಅಂತ ಹಠ ಹಿಡಿದಿದ್ದು ನಾನೇ.

ಕಟ್ಟೋರನ್ನ ಕರೆಸಿದ್ವಿ. ಹೆಸರು ಹೇಳಲ್ಲ, ಕೆಲಸ ಚೆನ್ನಾಗೇ ಮಾಡಿದಾರೆ, ಲೆಕ್ಕದಲ್ಲಿ ಮಾತ್ರ ಎಡವಟ್ಟು. ಬಂದೋರು ಕೊಟ್ಟಿಗೆ ಬಾಗಿಲಲ್ಲಿ ನಿಂತು ದನ ಎಣಿಸಿದ್ರು. “ಏಳು ದನ ಇದಾವಲ್ಲ ಗೌಡ್ರೆ, ಒಂದಕ್ಕೆ ಹತ್ತು ಕೆಜಿ ಅಂದ್ರೂ ಎಪ್ಪತ್ತು, ಮುಂದೆ ಕರ ಬೆಳೀತಾವೆ, 4 ಘನ ಮೀಟರೇ ಹಾಕ್ಸಿ, ದೊಡ್ಡದಾದ್ರೆ ಸಬ್ಸಿಡಿನೂ ಜಾಸ್ತಿ” ಅಂದ್ರು. ನಮ್ಮಾವ ಹೂಂ ಅಂದ್ರು, ನಮ್ಮನೆಯವ್ರು ದೊಡ್ಡದಿದ್ರೆ ಒಳ್ಳೇದಲ್ವಾ ಅಂದ್ರು. ನಾನು ಒಳಗಿಂದ ಕಾಫಿ ತಂದೆ, ಆ ಹೊತ್ತಿಗೆ ಮಾತು ಮುಗಿದಿತ್ತು.

ಈ ಹತ್ತು ಕೆಜಿ ಲೆಕ್ಕ ಸುಳ್ಳಲ್ಲ ಮಾರಾಯ್ರೆ, ಎಲ್ಲ ಕಡೆ ಇದೇ ಲೆಕ್ಕ ಹೇಳೋದು. ಒಂದು ಕೆಜಿ ಹಸಿ ಸಗಣಿಗೆ ಸುಮಾರು 40 ಲೀಟರ್ ಗ್ಯಾಸ್, 25 ಕೆಜಿಗೆ ಒಂದು ಘನ ಮೀಟರ್. ಹಾಗಾಗಿ 2 ಘನ ಮೀಟರಿಗೆ ದಿನಕ್ಕೆ 50 ಕೆಜಿ, 4 ಘನ ಮೀಟರಿಗೆ 100 ಕೆಜಿ ಬೇಕು. ಎಪ್ಪತ್ತಕ್ಕೂ ನೂರಕ್ಕೂ ಅಲ್ಲೇ ತಾಳ ಇಲ್ಲ, ಅದು ಒಂದು. ಇನ್ನೊಂದು ಏನಂದ್ರೆ ಆ ಹತ್ತು ಕೆಜಿ ಅನ್ನೋದು ಇಡೀ ದಿನ ಕಟ್ಟಿ ಸಾಕೋ ದೊಡ್ಡ ದನಕ್ಕೆ. ನಮ್ಮ ಗಿಡ್ಡಗಳು ಆಳಿನ ಸೊಂಟಕ್ಕೂ ಬರಲ್ಲ, ಬೆಳಿಗ್ಗೆ ಒಂಬತ್ತಕ್ಕೆ ಬಿಟ್ರೆ ಹಾಡ್ಯ ಬ್ಯಾಣ ಸುತ್ಕೊಂಡು ಬರೋದು ಸಂಜೆ. ಹಗಲು ಹಾಕಿದ ಸಗಣಿ ಎಲ್ಲ ಬೆಟ್ಟಕ್ಕೆ ಹೋಯ್ತು. ನಮಗೆ ಸಿಗೋದು ರಾತ್ರಿದು ಮಾತ್ರ.

ಇದು ನನಗೆ ಗೊತ್ತಾಗಿದ್ದು ತಡವಾಗಿ. ಕಟ್ಟಿದ ಆರು ತಿಂಗಳ ಮೇಲೆ ಅಡಿಕೆ ತೂಗೋ ಕಾಟ ಕೊಟ್ಟಿಗೆ ಬಾಗಿಲಲ್ಲಿ ಇಟ್ಟು ಹತ್ತು ದಿನ ಬುಟ್ಟಿ ಬುಟ್ಟಿ ತೂಗಿ ಕ್ಯಾಲೆಂಡರಲ್ಲಿ ಬರೆದೆ. ಜರ್ಸಿ ಕ್ರಾಸ್ ಕಟ್ಟೇ ಇರತ್ತೆ, ಅದೊಂದೇ 13 ರಿಂದ 15 ಕೆಜಿ. ಗಿಡ್ಡಗಳದ್ದು ಒಂದೊಂದಕ್ಕೆ ರಾತ್ರಿಗೆ ಮೂರು ಕೆಜಿ, ಕೆಲವು ದಿನ ಅದೂ ಇಲ್ಲ. ಎಲ್ಲ ಸೇರಿ 32, 33. ನೂರು ತಿನ್ನೋ ಹೊಟ್ಟೆಗೆ ಮೂವತ್ಮೂರು!

ಕಮ್ಮಿ ಹಾಕಿದ್ರೆ ಕಮ್ಮಿ ಗ್ಯಾಸ್ ಬರತ್ತೆ ಅಷ್ಟೇ ಅಲ್ವಾ ಅಂತ ನೀವು ಅಂದ್ಕೋಬೋದು, ನಾವೂ ಹಾಗೇ ಅಂದ್ಕೊಂಡಿದ್ವಿ. ಆದ್ರೆ ದೀನಬಂಧುಲಿ ಇನ್ನೊಂದು ವಿಷಯ ಇದೆ. ಇದರಲ್ಲಿ ಮೇಲೆ ಕೆಳಗೆ ಹೋಗೋ ಡ್ರಮ್ ಇಲ್ಲ, ನೆಲದೊಳಗೆ ಇಟ್ಟಿಗೆ ಗುಮ್ಮಟ, ಅಷ್ಟೇಯ. ಗುಮ್ಮಟದ ನೆತ್ತಿಲಿ ಗ್ಯಾಸ್ ತುಂಬ್ತಾ ಒಳಗಿನ ಸಗಣಿ ನೀರನ್ನ ಕೆಳಗೆ ಒತ್ತತ್ತೆ, ಅದು ಆಚೆ ತೊಟ್ಟಿಲಿ ಮೇಲೇರತ್ತೆ, ಒಳಗಿನ ಮಟ್ಟಕ್ಕೂ ಆಚೆ ಮಟ್ಟಕ್ಕೂ ಎಷ್ಟು ವ್ಯತ್ಯಾಸ ಇದೆಯೋ ಅಷ್ಟೇ ಒಲೆಗೆ ಬರೋ ಒತ್ತಡ. ದೊಡ್ಡ ಗುಮ್ಮಟದಲ್ಲಿ ಸ್ವಲ್ಪ ಗ್ಯಾಸ್ ಇದ್ರೆ ಹರಡ್ಕೊಂಡು ಕೂರತ್ತೆ, ಒತ್ತೋಕೆ ಬಲ ಸಾಲಲ್ಲ. ಅದೇ ಗ್ಯಾಸ್ ಚಿಕ್ಕ ಗುಮ್ಮಟದಲ್ಲಿದ್ದಿದ್ರೆ ಉರಿ ಬುಸ್ ಅಂತ ಬರ್ತಿತ್ತು. ನಮ್ಮಲ್ಲಿ ಒಲೆ ಹಚ್ಚಿದ್ರೆ ನೀಲಿ ಉರಿ ಬೆರಳುದ್ದ ಬಂದು ಹತ್ತು ನಿಮಿಷಕ್ಕೆ ಕುಗ್ಗಿ ಹೋಗೋದು, ಹಂಚು ಕಾಯಲ್ಲ, ರೊಟ್ಟಿ ಬೇಯಲ್ಲ. ಮೊದಲ ಆರು ತಿಂಗಳು ನಾನು ಅತ್ತುಬಿಟ್ಟಿದೀನಿ ಕೆಲವು ದಿನ. ಹಠ ಹಿಡಿದೋಳು ನಾನು, ದುಡ್ಡು ಹಾಕಿದ್ದು ಮಾವ, ಉರಿ ಇಲ್ಲ ಅಂದ್ರೆ ಎಂತ ಹೇಳದು.

ಇಂಥದ್ದು ನಮಗೊಬ್ಬರಿಗೇ ಆಗಿದ್ದಲ್ಲ. ಆಮೇಲೆ ಓದಿದ್ದು ಇದು. ಅದೇ ಅಸ್ತ್ರ ತಂಡದವರು ತುಮಕೂರು ಜಿಲ್ಲೆ ಕುಣಿಗಲ್ ತಾಲೂಕಿನ ಪುರ ಅನ್ನೋ ಊರಲ್ಲಿ ಇಡೀ ಊರಿಗೆ ಸೇರಿ ಗೋಬರ್ ಗ್ಯಾಸ್ ಮಾಡೋಕೆ ಹೋದಾಗ ಮೊದ್ಲು ಅಡಿಗೆಗೆ ಅಂತಲೇ ಹೊರಟಿದ್ರಂತೆ, ಎಲ್ಲರ ಮನೆ ಅಡಿಗೆಗೆ ಊರಿನ ಸಗಣಿ ಸಾಲಲ್ಲ ಅಂತಾಯ್ತು, ಕೊನೆಗೆ 1987ರಿಂದ ಆ ಗ್ಯಾಸಲ್ಲಿ ಎಂಜಿನ್ ಓಡ್ಸಿ ಮನೆಗಳಿಗೆ ಲೈಟು, ಕುಡಿಯೋ ನೀರು ಕೊಟ್ರು. ಅಷ್ಟು ದೊಡ್ಡ ವಿಜ್ಞಾನಿಗಳ ಕೆಲಸಕ್ಕೂ ಸಗಣಿ ಲೆಕ್ಕವೇ ದಾರಿ ತೋರ್ಸಿದ್ದು. ಅದನ್ನ ಓದಿದ ಮೇಲೆ ನನಗೆ ಸ್ವಲ್ಪ ಸಮಾಧಾನ ಆಯ್ತು ನೋಡಿ.

ಈಗ ಕಟ್ಟಡದ ಬಗ್ಗೆ. ದೀನಬಂಧು ಮಾದರಿನ ಆಫ್ಪ್ರೋ ಅನ್ನೋ ಸಂಸ್ಥೆ 1984ರಲ್ಲಿ ತಂದಿದ್ದು, ಕಬ್ಬಿಣ ಇಲ್ಲದೆ ಕಮ್ಮಿ ಖರ್ಚಲ್ಲಿ ಆಗ್ಲಿ ಅಂತ. ನಮ್ಮ ಕಡೆಗೆ ಇದೇ ಸರಿ. ನಮ್ಮ ದೊಡ್ಡಮಾವನ ಮನೇಲಿ ಖಾದಿ ಗ್ರಾಮೋದ್ಯೋಗದ ಹಳೇ ಡ್ರಮ್ ಮಾದರಿ ಇತ್ತು, ಉರಿ ಒಂದೇ ಸಮ ಬರ್ತಿತ್ತು ನಿಜ, ಡ್ರಮ್ಮಿನ ಭಾರವೇ ಒತ್ತಡ ಕೊಡತ್ತೆ ಅದರಲ್ಲಿ, ಆದ್ರೆ ವರ್ಷಕ್ಕೆ 7000 ಮಿಲಿಮೀಟರ್ ಮೇಲೆ ಮಳೆ ಬೀಳೋ ಆಗುಂಬೆ ಪಕ್ಕ ಕಬ್ಬಿಣದ ಡ್ರಮ್ ಎಷ್ಟು ದಿನ ಬಾಳತ್ತೆ ಹೇಳಿ, ವರ್ಷಾ ವರ್ಷಾ ಬಣ್ಣ ಹೊಡೀಬೇಕು, ಎರಡು ವರ್ಷ ಬಿಟ್ರೆ ತೂತು. ಈಗ ಅದು ತೋಟದಲ್ಲಿ ಬಿದ್ದಿದೆ.

ನಮ್ಮದು ಗುಂಡಿ ತೆಗೆದಿದ್ದು ಫೆಬ್ರವರಿಲಿ. ಅದೊಂದು ಮಾತ್ರ ಕಟ್ಟೋರು ಪಕ್ಕಾ ಹೇಳಿದ್ರು, ಮಳೆಗಾಲಕ್ಕೆ ಮುಂಚೆ ಕಟ್ಟಿ ಮುಗಿಸಿ ತುಂಬಿಸಿಯೇ ಬಿಡ್ಬೇಕು, ಖಾಲಿ ಬಿಟ್ರೆ ಸುತ್ತ ನೀರಿನ ಒತ್ತಡಕ್ಕೆ ಬಿರುಕು ಬಿಡತ್ತೆ ಅಂತ. ನಮ್ಮಲ್ಲಿ ಜುಲೈ ಹೊತ್ತಿಗೆ ಬಾವಿ ನೀರು ಕೈಗೆ ಸಿಗೋ ಹಾಗೆ ಮೇಲೆ ಬರತ್ತೆ, ಅವರು ಹೇಳಿದ್ದು ಸರಿ ಅಂತ ಆಮೇಲೆ ಗೊತ್ತಾಯ್ತು. ಗುಮ್ಮಟದ ಒಳಗೆ ಗಿಲಾವು ಪದರ ಪದರವಾಗಿ ಹೊಡೆದು, ಹದಿನೈದು ದಿನ ನೀರು ಕುಡಿಸಿದ್ರು. ಮೂರು ವರ್ಷದಲ್ಲಿ ಒಂದು ಕೂದಲೆಳೆ ಬಿರುಕಿಲ್ಲ, ಗಾರೆಯವರ ಕೈಗೆ ಐದಕ್ಕೆ ಐದು.

ಮೊದಲ ಸಲ ತುಂಬೋದಿದೆಯಲ್ಲ, ಅದನ್ನ ಯಾರೂ ಮುಂಚೆ ಹೇಳಲ್ಲ. 40 ದಿನದ ಸಗಣಿ ಒಟ್ಟಿಗೆ ಬೇಕು, 4 ಘನ ಮೀಟರಿಗೆ ಅಂದ್ರೆ ನಾಲ್ಕು ಟನ್ ಹತ್ರ. ಅಕ್ಕಪಕ್ಕದ ನಾಲ್ಕು ಮನೆಯಿಂದ ಮೂರು ವಾರ ಪಿಕಪ್ಪಲ್ಲಿ ಹೊತ್ತು ತಂದ್ವಿ. ಅಷ್ಟಕ್ಕೆ ಅಷ್ಟು ನೀರು ಹಾಕಿ ಕಲಸ್ಬೇಕು. ಆಮೇಲೆ ಕಾಯೋದು. ಮೊದ್ಲು ಬರೋ ಗ್ಯಾಸ್ ಹತ್ತಲ್ಲ, ಅದರಲ್ಲಿ ಇಂಗಾಲದ ಡೈಆಕ್ಸೈಡೇ ಜಾಸ್ತಿ, ಎರಡು ಮೂರು ಸಲ ಆಚೆ ಬಿಡ್ಬೇಕು. ಒಳಗೆ ಕೆಲಸ ಮಾಡೋದು ದನದ ಹೊಟ್ಟೇಲೇ ಇದ್ದು ಸಗಣಿ ಜೊತೆ ಬರೋ ಸೂಕ್ಷ್ಮಾಣುಗಳು, ಗಾಳಿ ಇಲ್ಲದಿರೋ ಕಡೆ ಮಾತ್ರ ಬದುಕೋವು, ಅವು ಜಾಸ್ತಿಯಾಗಿ ಮೀಥೇನ್ ಅರ್ಧಕ್ಕಿಂತ ಮೇಲೆ ಬಂದ ಮೇಲೆ ಉರಿ ಹಿಡಿಯೋದು. ನಮ್ಮಲ್ಲಿ 24ನೇ ದಿನ ಹತ್ತಿತು. ಅತ್ತೆ ಒಲೆಗೆ ಕುಂಕುಮ ಇಟ್ಟು ಹಾಲು ಉಕ್ಕಿಸಿದ್ರು.

ಸರಿ, ಉರಿ ಕುಗ್ಗೋದಕ್ಕೆ ನಾವು ಎಂತೆಲ್ಲ ಮಾಡಿದ್ವಿ ಹೇಳ್ತೀನಿ, ಈಗಾಗ್ಲೇ ದೊಡ್ಡದು ಕಟ್ಸಿ ಕೂತೋರಿಗೆ ಉಪಯೋಗ ಆಗ್ಬೋದು. ಗಿಡ್ಡಗಳನ್ನ ಕಟ್ಟಿ ಸಾಕಿ ಅಂತ ಒಬ್ಬರು ಹೇಳಿದ್ರು, ಅದು ನಮ್ಮ ಮನಸಿಗೆ ಒಗ್ಗಲ್ಲ, ಬೆಟ್ಟ ಸುತ್ತೋ ದನ ಅದು, ಕಟ್ಟಿ ಹಾಕಿದ್ರೆ ಹುಲ್ಲು ಎಲ್ಲಿಂದ ತರೋದು. ಬೇಸಿಗೆಲಿ ಮಧ್ಯಾಹ್ನ ಬಿಸಿಲಿಗೆ ಒಂದೆರಡು ಗಂಟೆ ಕೊಟ್ಟಿಗೆಗೆ ಬರೋ ಹಾಗೆ ನೀರು, ಅಕ್ಕಚ್ಚು (ಅಕ್ಕಿ ತೊಳೆದ ನೀರು, ಗಂಜಿ) ಇಟ್ವಿ, ಅಭ್ಯಾಸ ಆಯ್ತು, ಆ ಹೊತ್ತಿಗೆ ಬೀಳೋ ಸಗಣಿ ಏಳೆಂಟು ಕೆಜಿ ಸಿಕ್ತು. ಇನ್ನೊಂದು, ಗ್ಯಾಸನ್ನ ಚೂರು ಚೂರೇ ಬಳಸೋದು ಬಿಟ್ಟೆ. ರಾತ್ರಿ ಪೂರ್ತಿ ವಾಲ್ವ್ ಮುಚ್ಚಿ ಕೂಡಿಸಿ ಬೆಳಿಗ್ಗೆ ಐದೂವರೆಗೆ ಹಚ್ಚಿದ್ರೆ ಒತ್ತಡ ಇರತ್ತೆ, ಕಡುಬು, ಕಾಫಿ, ಅನ್ನ ಮೂರೂ ಒಂದೇ ಓಟಕ್ಕೆ ಮುಗಿಸ್ಬಿಡೋದು. ಸಂಜೆಗೆ ಸಾರು ಮಾತ್ರ. ಒಂದು ಬರ್ನರಿಗೆ ಗಂಟೆಗೆ 450 ಲೀಟರ್ ಹತ್ರ ಬೇಕು, ನಮಗೆ ದಿನಕ್ಕೆ ಬರೋದು 1300 ಚಿಲ್ಲರೆ ಲೀಟರ್, ಅಂದ್ರೆ ಮೂರು ಗಂಟೆ ಉರಿ, ಅದನ್ನ ಹ್ಯಾಗೆ ಹಂಚ್ಕೋಬೇಕು ಅಂತ ಗೊತ್ತಾದ್ರೆ ಸಾಕು.

ಕೊಟ್ಟಿಗೆ ನೆಲನೂ ಬದಲಾಯಿಸ್ಬೇಕಾಯ್ತು, ಇದನ್ನ ಬಯಲುಸೀಮೆ ಕಡೆಯೋರು ಬರೆದ ಪುಸ್ತಕದಲ್ಲಿ ನೋಡಿಲ್ಲ. ನಮ್ಮಲ್ಲಿ ಕೊಟ್ಟಿಗೆಗೆ ಸೊಪ್ಪು, ದರಗು (ಒಣಗಿದ ಎಲೆ) ಹಾಸ್ತೀವಿ, ಸಗಣಿ ಗಂಜಲ ಸೊಪ್ಪು ಎಲ್ಲ ಕಲೆತು ಗೊಬ್ಬರ ಆಗೋದು, ಅಜ್ಜನ ಕಾಲದಿಂದ ತೋಟ ನಡೆದಿದ್ದೇ ಅದರಲ್ಲಿ. ಸೊಪ್ಪಿನ ಜೊತೆ ಕಲೆತ ಸಗಣಿನ ಗ್ಯಾಸಿಗೆ ಹಾಕಿದ್ರೆ ಎಲೆ ನಾರು ಎಲ್ಲ ಮೇಲೆ ತೇಲಿ ಹೆಪ್ಪುಗಟ್ಟತ್ತೆ, ಗ್ಯಾಸ್ ಮೇಲೆ ಬರೋಕೆ ಬಿಡಲ್ಲ. ಹಾಗಾಗಿ ಅರ್ಧ ಕೊಟ್ಟಿಗೆಗೆ ಚಪ್ಪಡಿ ಕಲ್ಲು ಹಾಕಿಸಿ ಅಲ್ಲಿಯ ಸಗಣಿ ಗ್ಯಾಸಿಗೆ, ಕರುಗಳು ಮಲಗೋ ಕಡೆ ಹಳೇ ಥರ ಸೊಪ್ಪು. ಆ ಕಲ್ಲಿನ ಖರ್ಚು ಯಾರ ಎಸ್ಟಿಮೇಟಲ್ಲೂ ಇರಲ್ಲ, ನೀವು ಸೇರಿಸ್ಕೊಳ್ಳಿ. ಫಿನಾಯಿಲ್ ಹಾಕಿ ಕೊಟ್ಟಿಗೆ ತೊಳೆಯೋದೂ ನಿಲ್ಸಿ, ಒಳಗಿನ ಜೀವ ಸಾಯತ್ತೆ. ಅಡಿಕೆಗೆ ಮದ್ದು ಹೊಡೆಯೋ ಕಾಲದಲ್ಲಿ ಬೋರ್ಡೋ (ಮೈಲುತುತ್ತ ಸುಣ್ಣದ ದ್ರಾವಣ) ಕಲಸಿದ ಡ್ರಮ್ ತೊಳೆದ ನೀರಲ್ಲಿ ಸಗಣಿ ಕಲಸ್ಬೇಡಿ, ಮೈಲುತುತ್ತದ ತಾಮ್ರ ಇವುಗಳಿಗೆ ವಿಷ.

ಹಲಸಿನ ಕಥೆ ಹೇಳ್ಲೇಬೇಕು. ಅಡಿಗೆಮನೆ ಕಸದಲ್ಲಿ ಸಗಣಿಗಿಂತ ಜಾಸ್ತಿ ಗ್ಯಾಸ್ ಬರತ್ತೆ ಅಂತ ಕೇಳಿದ್ದೆ, ನಿಜಾನೇ ಅದು, ಪುಣೆಯ ಆರ್ತಿ ಸಂಸ್ಥೆಯವರು ಬರೀ ಪಿಷ್ಟದ ಕಸದಲ್ಲೇ ನಡೆಯೋ ಚಿಕ್ಕ ಘಟಕ ಮಾಡಿ 2006ರಲ್ಲಿ ಆಶ್ಡೆನ್ ಪ್ರಶಸ್ತಿ ತಗೊಂಡಿದಾರೆ. ದನ ತಿಂದು ಅರಗಿಸ್ಕೊಂಡ ಮೇಲೆ ಉಳಿದಿದ್ದು ಸಗಣಿ, ತಿನ್ನದೇ ಇರೋ ಅನ್ನದಲ್ಲಿ ಸತ್ವ ಪೂರ್ತಿ ಇರತ್ತೆ, ಅದಕ್ಕೆ. ಮೇ ತಿಂಗಳು, ಹಿತ್ಲ ತುಂಬಾ ಹಲಸು ಬಿದ್ದು ಕೊಳೀತಿತ್ತು, ನಾನು ಎರಡು ದಿನದಲ್ಲಿ ಐದಾರು ಬುಟ್ಟಿ ಹಣ್ಣು ಹಿಸುಕಿ ಹಾಕಿಬಿಟ್ಟೆ. ಮಾರನೇ ದಿನ ತೊಟ್ಟಿ ಉಕ್ಕಿ ಬಂತು, ಎಷ್ಟು ಗ್ಯಾಸ್ ಅಂತ ಖುಷಿ, ಆದ್ರೆ ಹಚ್ಚಿದ್ರೆ ಹತ್ತಲ್ಲ! ಹುಳಿ ವಾಸನೆ. ಸಿಹಿ ಎಲ್ಲ ಬೇಗ ಹುಳಿಯಾಯ್ತು, ಮೀಥೇನ್ ಮಾಡೋವು ನಿಧಾನಿಗಳು, ಆ ಹುಳೀಲಿ ಅವು ಸುಸ್ತಾದ್ವು. ಹನ್ನೆರಡು ದಿನ ಉರಿ ಇಲ್ಲ. ಎಂತದೂ ಹಾಕ್ದೆ ಬಿಟ್ಟು, ಸುಣ್ಣದ ತಿಳಿ ನೀರು ದಿನಾ ಸ್ವಲ್ಪ ಸ್ವಲ್ಪ ಹಾಕಿ, ಪಕ್ಕದ ಮನೆ ಗ್ಯಾಸಿನ ಬಗ್ಗಡ (ಗ್ಯಾಸ್ ಬಿಟ್ಟಾದ್ಮೇಲೆ ಆಚೆ ತೊಟ್ಟಿಗೆ ಬರೋ ಸಗಣಿ ನೀರು) ನಾಲ್ಕು ಕೊಡ ತಂದು ಸುರಿದ ಮೇಲೆ ಸರಿ ಆಯ್ತು. ಈಗ ಹಲಸಾದ್ರೆ ದಿನಕ್ಕೆ ಒಂದು ಚಿಕ್ಕ ಬಕೆಟ್ ಮೇಲೆ ಇಲ್ಲ, ಅದೂ ಸಗಣಿ ಜೊತೆ ಕಲಸಿ. ಗಂಜಿ, ಅನ್ನದ ಉಳಿಕೆ ಹಾಕ್ಬೋದು, ಆದ್ರೆ ನಮ್ಮಲ್ಲಿ ಅದೆಲ್ಲ ಅಕ್ಕಚ್ಚಿಗೆ ಹೋಗತ್ತೆ, ಹಸು ಬಾಯಿಂದ ಕಿತ್ತು ಗುಂಡಿಗೆ ಹಾಕೋಕೆ ಅತ್ತೆ ಬಿಡಲ್ಲ, ಸರಿಯೇ ಅದು.

ಮಳೆಗಾಲ. ಇದನ್ನ ಕೇಳೋಕೇ ಜಾಸ್ತಿ ಜನ ಫೋನ್ ಮಾಡೋದು. ಈ ಸೂಕ್ಷ್ಮಾಣುಗಳಿಗೆ 35 ಡಿಗ್ರಿ ಆಸುಪಾಸು ಇದ್ರೆ ಹಬ್ಬ, 20ಕ್ಕೆ ಇಳಿದ್ರೆ ತುಂಬಾ ನಿಧಾನ. ಜುಲೈ ಆಗಸ್ಟಲ್ಲಿ ವಾರಗಟ್ಲೆ ಸೂರ್ಯ ಕಾಣಲ್ಲ, ನಮ್ಮಲ್ಲಿ ಗ್ಯಾಸ್ ಅರ್ಧಕ್ಕೆ ಇಳಿಯತ್ತೆ. ಯಾವ ತಿಂಗಳಲ್ಲಿ ಒದ್ದೆ ಸೌದೆ ಕಾಟ ತಪ್ಪಿಸ್ಕೊಳ್ಳೋಕೆ ಅಂತ ಕಟ್ಸಿದ್ವೋ ಅದೇ ತಿಂಗಳಲ್ಲಿ ಅರ್ಧ. ಇದು ನಂಗೆ ಈಗಲೂ ಬೇಜಾರು. ಮಾಡಿದ್ದು ಏನಂದ್ರೆ ಸಗಣಿನ ತಣ್ಣೀರಲ್ಲಿ ಕಲಸಲ್ಲ, ಬಚ್ಚಲೊಲೆ ಹಂಡೆಯ ಉಗುರು ಬೆಚ್ಚಗಿನ ನೀರು ಎರಡು ಕೊಡ ಹಾಕಿ ಕಲಸ್ತೀನಿ, ಬಚ್ಚಲೊಲೆಗೆ ಹ್ಯಾಗೂ ಅಡಿಕೆ ಸಿಪ್ಪೆ ಉರೀತಿರತ್ತೆ. ಗುಮ್ಮಟದ ಮೇಲೆ ಮಣ್ಣು, ಅದರ ಮೇಲೆ ದರಗು ದಪ್ಪಕ್ಕೆ ಹಾಸಿ ಮೇಲೆ ತಗಡು. ಇದರಿಂದ ಸ್ವಲ್ಪ ಪರವಾಗಿಲ್ಲ. ತಗಡಿನ ಮಾಡು ಆಚೆ ತೊಟ್ಟಿಗೂ ಬೇಕೇ ಬೇಕು, ಮೊದಲ ವರ್ಷ ಹಾಕಿರ್ಲಿಲ್ಲ, ಒಂದು ರಾತ್ರಿ ಮಳೆಗೆ ತೊಟ್ಟಿ ತುಂಬಿ ಬಗ್ಗಡ ಅಂಗಳಕ್ಕೆ ಹರಿದಿತ್ತು.

ಪೈಪಲ್ಲಿ ನೀರು ನಿಲ್ಲೋದು ಇನ್ನೊಂದು. ಗ್ಯಾಸ್ ಜೊತೆ ಹಬೆ ಇರತ್ತೆ, ತಣ್ಣಗಾದ ಕಡೆ ನೀರಾಗತ್ತೆ. ನಮಗೆ ಹಾಕಿದ ಪೈಪು ಹಿತ್ಲಲ್ಲಿ ಒಂದು ಕಡೆ ಜೋತು ಬಿದ್ದಿತ್ತು, ಅಲ್ಲಿ ನೀರು ಕೂತು ಉರಿ ಲಪ್ ಲಪ್ ಅಂತ ಕುಣೀತಿತ್ತು. ತಗ್ಗಿನ ಜಾಗದಲ್ಲಿ ಒಂದು ಟೀ ಹಾಕಿ ಚಿಕ್ಕ ವಾಲ್ವ್ ಇಟ್ಟು ವಾರಕ್ಕೊಂದು ಸಲ ತಿರುಗಿಸಿ ನೀರು ಬಿಟ್ರೆ ಮುಗೀತು. ಪೈಪ್ ಎಳೆಯೋವಾಗಲೇ ಪಕ್ಕ ನಿಂತು ಇಳಿಜಾರು ನೋಡ್ಕೊಳ್ಳಿ.

ಒಲೆ ಬಗ್ಗೆ ಜಾಸ್ತಿ ಹೇಳೋಕಿಲ್ಲ. ಸಿಲಿಂಡರ್ ಒಲೆಗೆ ನೇರ ಕೊಟ್ರೆ ಆಗಲ್ಲ, ಜೆಟ್ ತೂತು ದೊಡ್ಡದಿರೋ ಗೋಬರ್ ಗ್ಯಾಸ್ ಒಲೆನೇ ಬೇಕು. ಜೊತೆಗೆ ಕೊಟ್ಟ ಅಗ್ಗದ ಒಲೆ ಒಂದೂವರೆ ವರ್ಷಕ್ಕೆ ತುಕ್ಕು ಹಿಡಿದು ಹೋಯ್ತು, ಗ್ಯಾಸಲ್ಲಿರೋ ಗಂಧಕದ ಅಂಶದಿಂದ, ಕೊಳೆತ ಮೊಟ್ಟೆ ವಾಸನೆ ಬರೋದೂ ಅದರದ್ದೇ. ಎರಡನೇದು ಎರಕದ ಕಬ್ಬಿಣದ್ದು ತಗೊಂಡ್ವಿ, ಚೆನ್ನಾಗಿದೆ. ಉರಿಯೋವಾಗ ಅಡಿಗೆಗೆ ಯಾವ ವಾಸನೆನೂ ಬರಲ್ಲ, ಈ ಅನುಮಾನ ತುಂಬಾ ಹೆಂಗಸರಿಗಿದೆ, ಪಾತ್ರೆ ತಳನೂ ಕಪ್ಪಾಗಲ್ಲ.

ಈಗ ಬಗ್ಗಡ. ಇಲ್ಲಿ ನಾನು ಸ್ವಲ್ಪ ಜಾಸ್ತಿ ಮಾತಾಡ್ತೀನಿ, ಯಾಕಂದ್ರೆ ಗ್ಯಾಸ್ ಆಸೆಗೆ ಕಟ್ಸಿದ್ದು ನಾನಾದ್ರೆ ಇವತ್ತು ಇದನ್ನ ಬಿಟ್ಕೊಡಲ್ಲ ಅನ್ನೋರು ಮಾವ, ಅದು ಬಗ್ಗಡಕ್ಕೋಸ್ಕರ. ಕೊಯ್ಲು ಸುಲಿತ ಆದ್ಮೇಲೆ ಅಡಿಕೆ ಸಿಪ್ಪೆ ಎಷ್ಟು ಬೀಳತ್ತೆ ಅಂತ ಅಡಿಕೆಯೋರಿಗೆ ಹೇಳೋದೇ ಬೇಡ, ಹಸಿ ಕಾಯಿ ತೂಕದಲ್ಲಿ ಅರ್ಧಕ್ಕಿಂತ ಮೇಲೆ ಸಿಪ್ಪೆನೇ. ಶಿವಮೊಗ್ಗ ಭದ್ರಾವತಿ ಚನ್ನಗಿರಿ ಕಡೆ ರೋಡ್ ಬದಿ ಗುಡ್ಡೆ ಗುಡ್ಡೆ ಸುರಿದು ಬೆಂಕಿ ಕೊಟ್ಟಿರ್ತಾರೆ, ದಿನಗಟ್ಲೆ ಹೊಗೆ ಆಡ್ತಿರತ್ತೆ, ಬೈಕಲ್ಲಿ ಹೋದ್ರೆ ಕಣ್ಣು ಬಿಡೋಕಾಗಲ್ಲ. ಅದನ್ನ ನೋಡಿದಾಗೆಲ್ಲ ನಂಗೆ ಹೊಟ್ಟೆ ಉರಿಯತ್ತೆ, ತೋಟದಿಂದ ಬಂದಿದ್ದು ತೋಟಕ್ಕೆ ಹೋಗ್ಬೇಕಾಗಿತ್ತು. ಸಿಪ್ಪೆನ ಗ್ಯಾಸ್ ಗುಂಡಿಗೆ ಹಾಕೋಕಾಗಲ್ಲ, ಅದರ ನಾರಿನಲ್ಲಿರೋ ಲಿಗ್ನಿನ್ ಅನ್ನೋ ಗಟ್ಟಿ ಅಂಶ ಗಾಳಿ ಇಲ್ಲದ ಕಡೆ ಕರಗಲ್ಲ. ಹಾಗೇ ಗುಡ್ಡೆ ಹಾಕಿ ಬಿಟ್ರೂ ಬೇಗ ಕೊಳೆಯಲ್ಲ, ನಮ್ಮಲ್ಲೇ ಎರಡು ವರ್ಷದ ಗುಡ್ಡೆ ಕೆದಕಿದ್ರೆ ಒಳಗೆ ನಾರು ನಾರಾಗೇ ಇತ್ತು.

ಸಿಪ್ಪೆಲಿ ಇಂಗಾಲ ಜಾಸ್ತಿ, ಸಾರಜನಕ ಕಮ್ಮಿ, ಕೊಳೆಸೋ ಜೀವಿಗಳಿಗೆ ಎರಡೂ ಬೇಕು. ಬಗ್ಗಡದಲ್ಲಿ ಆ ಸಾರಜನಕ ಇದೆ, ಗ್ಯಾಸಾಗಿ ಹೋಗೋದು ಮುಖ್ಯವಾಗಿ ಇಂಗಾಲ, ಜಲಜನಕ, ಆಮ್ಲಜನಕ, ಸಗಣಿಯ ಸಾರಜನಕ ರಂಜಕ ಪೊಟ್ಯಾಷ್ ಹೆಚ್ಚುಕಮ್ಮಿ ಹಾಗೇ ಬಗ್ಗಡದಲ್ಲಿ ಆಚೆ ಬರತ್ತೆ. ಹಾಗಾಗಿ ತೋಟದ ತಲೇಲಿ ಗುಂಡಿ ಮಾಡಿ ಒಂದು ಮೊಳ ಸಿಪ್ಪೆ, ಮೇಲೆ ಬಗ್ಗಡ, ಮತ್ತೆ ಸಿಪ್ಪೆ, ನಡುವೆ ಕತ್ತರಿಸಿದ ಸೋಗೆ, ದರಗು, ಹಾಳಾದ ಹುಲ್ಲು, ಹೀಗೆ ಪದರ ಹಾಕಿ ಎರಡು ತಿಂಗಳಿಗೊಮ್ಮೆ ಮಗುಚಿದ್ವಿ. ಎಂಟೊಂಬತ್ತು ತಿಂಗಳಿಗೆ ಕಪ್ಪಗೆ ಪುಡಿಪುಡಿ, ಕೈಯಲ್ಲಿ ಹಿಡಿದ್ರೆ ಕಾಡಿನ ಮಣ್ಣಿನ ವಾಸನೆ. ಕೊಟ್ಟಿಗೆಗೆ ಸೊಪ್ಪು ಕಮ್ಮಿ ಮಾಡಿದ್ದಕ್ಕೆ ಗೊಬ್ಬರ ಕಮ್ಮಿ ಆಗತ್ತೆ ಅಂತ ಮಾವ ಮೊದ್ಲು ಗೊಣಗ್ತಿದ್ರು, ಈಗ ಹೊರಗಿಂದ ಗೊಬ್ಬರದ ಲೋಡ್ ತರಿಸೋದು ನಿಲ್ಸಿ ಎರಡು ವರ್ಷ ಆಯ್ತು. ಬೇಸಿಗೆಲಿ ಬಗ್ಗಡನ ನೇರ ಮರದ ಬುಡಕ್ಕೂ ಬಿಡ್ತೀವಿ, ನೀರು ಬೆರೆಸಿ. ಸಗಣಿ ವಾಸನೆ ಇಲ್ಲ, ನೊಣ ಇಲ್ಲ, ಕಳೆ ಬೀಜ ಹುಟ್ಟೋದೂ ಕಮ್ಮಿ. ಗ್ಯಾಸಿಗೆ ನಾನು ಐದಕ್ಕೆ ಮೂರು ಕೊಟ್ರೆ ಇದಕ್ಕೆ ಐದು.

ಲೆಕ್ಕ ಕೇಳೋರಿಗೆ. ಗುಂಡಿ, ಇಟ್ಟಿಗೆ, ಕೂಲಿ, ಪೈಪು, ಒಲೆ, ಕೊಟ್ಟಿಗೆ ಕಲ್ಲು ಎಲ್ಲ ಸೇರಿ ನಮಗೆ 80 ಸಾವಿರ ದಾಟ್ತು, ಸಬ್ಸಿಡಿ ಕಟ್ಟಿದ ಮೇಲೆ ತಡವಾಗಿ ಬಂತು. ಅರ್ಜಿ ಮಾತ್ರ ಕಟ್ಟೋಕೆ ಮುಂಚೆನೇ ಹಾಕಿ, ಎಷ್ಟು ಸಿಗತ್ತೆ ಅನ್ನೋದು ಬದಲಾಗ್ತಿರತ್ತೆ, ಆ ವರ್ಷದ್ದು ಪಂಚಾಯ್ತಿಲಿ ಕೇಳ್ಕೊಳ್ಳಿ. ಮುಂಚೆ ತಿಂಗಳಿಗೊಂದು ಸಿಲಿಂಡರು, ಮೇಲೆ ಸೌದೆ. ಈಗ ಸಿಲಿಂಡರ್ ಮೂರು ತಿಂಗಳು ಬರತ್ತೆ, ಅಡಿಗೆಗೆ ಸೌದೆ ಇಲ್ಲವೇ ಇಲ್ಲ. ಒಂದು ಘನ ಮೀಟರ್ ಗೋಬರ್ ಗ್ಯಾಸ್ ಅಂದ್ರೆ 450 ಗ್ರಾಂ ಎಲ್‌ಪಿಜಿ ಹತ್ರ ಹತ್ರ, ಹಾಗಾಗಿ 14.2 ಕೆಜಿ ಸಿಲಿಂಡರಿಗೆ 32 ಘನ ಮೀಟರ್ ಸಮ, ನಿಮ್ಮ ಸಗಣಿ ತೂಕ ಹಿಡ್ಕೊಂಡು ನೀವೇ ಗುಣಿಸಿ ನೋಡಿ. ಕಾಗದದ ಮೇಲೆ ನಮಗೆ ಸಿಲಿಂಡರೇ ಬೇಡ, ಮಳೆಗಾಲ, ನೆಂಟರು, ಹಬ್ಬ ಎಲ್ಲ ಸೇರಿದ್ರೆ ಬೇಕು.

ಪಕ್ಕದೂರಲ್ಲಿ ಒಬ್ಬರು ಇಟ್ಟಿಗೆ ಬೇಡ ಅಂತ ರಬ್ಬರ್ ಚೀಲದಂಥ ಬಲೂನ್ ಗ್ಯಾಸ್ ಹಾಕಿಸಿದ್ರು. ಒಂದೇ ದಿನದಲ್ಲಿ ಕೂರಿಸಿ ಹೋದ್ರು, ಬಿಸಿಲಿಗೆ ಬೇಗ ಕಾದು ಬೇಸಿಗೆಲಿ ಗ್ಯಾಸ್ ಚೆನ್ನಾಗಿ ಬರತ್ತೆ. ಆದ್ರೆ ಮರದ ಗೆಲ್ಲು ಬಿದ್ದು ಹರೀತು, ತೇಪೆ ಹಾಕಿದ್ದು ನಿಲ್ತಿಲ್ಲ. ಮೇಲೆ ಮರ ಇಲ್ಲದ ಬಯಲು ಜಾಗ ಇದ್ದೋರಿಗೆ ಆಗ್ಬೋದೇನೋ, ತೋಟದ ನಡುವೆ ಮನೆ ಇರೋ ನಮ್ಮಂಥೋರಿಗೆ ನಾನು ಹೇಳಲ್ಲ. ಇನ್ನೊಬ್ಬರು, ನಮ್ಮನೆ ನೋಡಿಯೇ, ಸಗಣಿ ತೂಗಿ 2 ಘನ ಮೀಟರಿನ ದೀನಬಂಧು ಕಟ್ಸಿದಾರೆ. ಅವರದ್ದು ಎರಡು ಕಟ್ಟಿ ಸಾಕೋ ಹಸು, ನಾಲ್ಕು ಗಿಡ್ಡ, ದಿನಕ್ಕೆ 40 ಕೆಜಿ. ಅವರ ಮನೆ ಉರಿ ನೋಡಿದ್ರೆ ನನಗೆ ಆಸೆ ಆಗತ್ತೆ, ಅಷ್ಟು ಗಟ್ಟಿ ನೀಲಿ ಉರಿ, ಖರ್ಚೂ ನಮಗಿಂತ ಎಷ್ಟೋ ಕಮ್ಮಿ.

ಒಂದು ಎಚ್ಚರಿಕೆ, ದಯವಿಟ್ಟು ಇದನ್ನ ಹಗುರವಾಗಿ ತಗೋಬೇಡಿ. ಗುಮ್ಮಟದ ಒಳಗೆ ಯಾವ ಕಾರಣಕ್ಕೂ ಇಳೀಬೇಡಿ, ಹೂಳು ತೆಗೆಯೋಕಾದ್ರೂ ಸರಿ, ಖಾಲಿ ಕಾಣಿಸಿದ್ರೂ ಸರಿ. ಒಳಗೆ ಉಸಿರಾಡೋ ಗಾಳಿ ಇರಲ್ಲ, ಇಳಿದೋರು ಕೂಗೋಕೂ ಆಗದೆ ಬೀಳ್ತಾರೆ, ಎತ್ತೋಕೆ ಹೋದೋರೂ ಬೀಳ್ತಾರೆ. ಗೊತ್ತಿರೋರನ್ನ, ಸಲಕರಣೆ ಇರೋರನ್ನ ಕರೆಸಿ. ಗುಮ್ಮಟದ ನೆತ್ತಿ ಪೈಪಿಗೆ ಬೆಂಕಿ ಹಚ್ಚಿ ಗ್ಯಾಸ್ ಬಂತಾ ಅಂತ ನೋಡೋದೂ ಬೇಡ, ಒಲೇಲೇ ನೋಡಿ. ಆಚೆ ತೊಟ್ಟಿಗೆ ಹಲಗೆ ಮುಚ್ಚಿ, ಮಕ್ಕಳು ಕರುಗಳು ಓಡಾಡೋ ಜಾಗ ಅದು.

ಹಾಗಾದ್ರೆ ಕಟ್ಸಬೇಕಾ ಅಂದ್ರೆ, ಕಟ್ಸಿ. ಆದ್ರೆ ಮೊದ್ಲು ಹತ್ತು ದಿನ ತೂಗಿ, ಬೇಸಿಗೆಲಿ ಐದು ದಿನ ಮಳೆಗಾಲದಲ್ಲಿ ಐದು ದಿನ ಆದ್ರೆ ಇನ್ನೂ ಒಳ್ಳೇದು, ದಿನಕ್ಕೆ ಸರಾಸರಿ ಬಂದ ತೂಕನ 25ರಿಂದ ಭಾಗಿಸಿ, ಅದಕ್ಕೆ ಹತ್ತಿರದ ಸೈಜ್ ಬಿಟ್ಟು ದೊಡ್ಡದು ಯಾರು ಹೇಳಿದ್ರೂ ಬೇಡ ಅನ್ನಿ. ದಿನಕ್ಕೆ 25 ಕೆಜಿಗಿಂತ ಕಮ್ಮಿ ಬಂದ್ರೆ ಸದ್ಯಕ್ಕೆ ಕಟ್ಸಬೇಡಿ, ಒಂದು ಒಳ್ಳೆ ಹೊಗೆಯಿಲ್ಲದ ಒಲೆ ಹಾಕಿಸಿ. ಬೆಳಿಗ್ಗೆ ಅರ್ಧ ಗಂಟೆ ಕಲಸೋ ಕೆಲಸ ಯಾರದ್ದು ಅಂತಲೂ ಮೊದ್ಲೇ ಮಾತಾಡ್ಕೊಳ್ಳಿ. ನಮ್ಮಲ್ಲಿ ಈಗ ವಾರಕ್ಕೆ ಮೂರು ದಿನ ನಮ್ಮನೆಯವ್ರು ಕಲಸ್ತಾರೆ, ಅದನ್ನ ನಾನು ಕೇಳಿಯೇ ಪಡ್ಕೊಂಡಿದ್ದು.

ಅತ್ತೆ ಕೆಮ್ಮು ಪೂರ್ತಿ ಹೋಗಿಲ್ಲ, ಆದ್ರೆ ರಾತ್ರಿ ಮಲಗ್ತಾರೆ. ನೋಡೋಕೆ ಬರೋರು ಬನ್ನಿ, ಬರೋದಾದ್ರೆ ಬೆಳಿಗ್ಗೆ ಏಳರೊಳಗೆ ಬನ್ನಿ, ಕಲಸೋ ಹೊತ್ತು ಅದು, ಕಾಟ ಕೊಟ್ಟಿಗೆ ಬಾಗಿಲಲ್ಲೇ ಇದೆ.